ಸಿಪ್ಪೆಯಿಂದ ಕ್ಲೀನರ್: ಅಳತೆ ಮತ್ತು ಎಚ್ಚರಿಕೆ

ಕಿತ್ತಳೆ, ಮೂಸಂಬಿ, ನಿಂಬೆ ಸಿಪ್ಪೆ ಸುಮ್ನೆ ಎಸೆಯಬೇಡಿ. 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, 1 ಲೀಟರ್ ನೀರು. 2 ಲೀಟರ್ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮೇಲೆ ಜಾಗ ಇರಲಿ. ಗಾಜಿನದ್ದು ಬೇಡವೇ ಬೇಡ, ಗ್ಯಾಸ್ ತುಂಬಿ ಒಡೆಯಬಹುದು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ, ‘ಟುಸ್’ ಅಂತ ಗಾಳಿ ಹೋದ ಮೇಲೆ ಬಿಗಿ ಮಾಡಿ. 3 ತಿಂಗಳಾದ ಮೇಲೆ ಸೋಸಿ.

ಒಳಗೆ ಬೆಲ್ಲ ಮೊದಲು ಆಲ್ಕೋಹಾಲ್ ಆಗಿ, ಆಮೇಲೆ ಅಸಿಟಿಕ್ ಆಮ್ಲ ಆಗುತ್ತದೆ. ವಿನೆಗರಿನಲ್ಲಿರುವ ಹುಳಿಯೇ ಅದು. ನಲ್ಲಿ ಮೇಲೆ ಕೂತ ಬಿಳಿ ಕಲೆ ಬಿಡಿಸುವುದೂ ಅದೇ. ಬೋರ್‌ವೆಲ್ ನೀರಿನವರಿಗೆ ಆ ಕಲೆ ಗೊತ್ತಲ್ವಾ!

ಮಾರ್ಬಲ್ ನೆಲಕ್ಕೆ ಮಾತ್ರ ಹಾಕಬೇಡಿ, ಹೊಳಪು ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಲೇಬೇಡಿ, ಕ್ಲೋರಿನ್ ವಿಷಗಾಳಿ ಏಳುತ್ತದೆ. ಸೋಸಿ ಉಳಿದ ಚರಟವನ್ನು ಹೊಸ ಬಾಟಲಿಗೆ ಹಾಕಿ, ಬೇಗ ಹುಳಿ ಬರುತ್ತದೆ.