ತೀರ್ಪು ಓದುವುದು ಹೇಗೆ? ಕೊನೆಯ ಪುಟದಿಂದ ಶುರು ಮಾಡಿ

ಸುಪ್ರೀಂ ಕೋರ್ಟ್ ಕಾವೇರಿ ಬಗ್ಗೆ ಏನಾದರೂ ಹೇಳಿದ ದಿನ ಮಂಡ್ಯದ ಸಂಜಯ ಸರ್ಕಲ್ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟಿ.ವಿ.ಯಲ್ಲಿ ‘ಐತಿಹಾಸಿಕ ತೀರ್ಪು’ ಅಂತ ಕೆಂಪು ಪಟ್ಟಿ ಓಡುತ್ತಿರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಮೂರು ಸಾಲಿನ ಫಾರ್ವರ್ಡ್ ಸುತ್ತುತ್ತಿರುತ್ತದೆ, ಮೈಸೂರಿನ ಹೋಟೆಲುಗಳಲ್ಲಿ ಕಾಫಿ ಆರಿ ಹೋಗುವವರೆಗೂ ವಾದ ನಡೆಯುತ್ತದೆ. ತೀರ್ಪು ಓದಿದವರು ಮಾತ್ರ ಸಿಗುವುದಿಲ್ಲ. ನೂರಾರು ಪುಟ, ಅದೂ ಇಂಗ್ಲಿಷಿನಲ್ಲಿ, ವಕೀಲರ ಕೆಲಸ ನಮಗ್ಯಾಕೆ ಅಂತ ಬಿಟ್ಟುಬಿಡುತ್ತೇವೆ.

ಪೂರ್ತಿ ಓದಬೇಕಾಗಿಲ್ಲ. ಎಲ್ಲಿ ಓದಬೇಕು ಅಂತ ಗೊತ್ತಿದ್ದರೆ ಸಾಕು. ಒಂದು ಮಾತು ಮಾತ್ರ ತಲೆಯಲ್ಲಿರಲಿ. ಕೇಸು ಹಾಕಿದವರು ಗೆದ್ದರಾ ಸೋತರಾ ಅನ್ನುವುದು ಒಂದು ವಿಷಯ, ಆ ತೀರ್ಪಿನಿಂದ ದೇಶಕ್ಕೆ ಉಳಿದ ನಿಯಮ ಯಾವುದು ಅನ್ನುವುದು ಬೇರೆಯದೇ ವಿಷಯ. ನಮ್ಮ ಜಗಳಗಳಲ್ಲಿ ಅರ್ಧಕ್ಕರ್ಧ ಇವೆರಡನ್ನೂ ಕಲಸಿಬಿಡುವುದರಿಂದಲೇ ಹುಟ್ಟುತ್ತವೆ ಅಂತ ನನಗನಿಸುತ್ತದೆ.

ಮೊದಲು ಅಸಲಿ ತೀರ್ಪು ಕೈಗೆ ಬರಲಿ

ಸುಪ್ರೀಂ ಕೋರ್ಟಿನ ‘ಇ-ಎಸ್‌ಸಿಆರ್’ ತಾಣದಲ್ಲಿ 1950ರಿಂದ ಈಚಿನ ವರದಿಯಾದ ತೀರ್ಪುಗಳು ಪುಕ್ಕಟೆ ಸಿಗುತ್ತವೆ. ‘ಇಂಡಿಯನ್ ಕಾನೂನ್’ ತಾಣವೂ ಇದೆ, ಮೊಬೈಲಿನಲ್ಲಿ ಹುಡುಕಲು ಅದೇ ಸಲೀಸು. ಪಕ್ಷಗಾರರ ಹೆಸರು ಮತ್ತು ವರ್ಷ ಹಾಕಿದರೆ ಸಾಮಾನ್ಯವಾಗಿ ಬಂದುಬಿಡುತ್ತದೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಸಿಗುತ್ತದೆ, ಓದಿ, ಒಳ್ಳೆಯದೇ. ಆದರೆ ಪದ ಹಿಡಿದು ಜಗಳ ಬಂದರೆ ಇಂಗ್ಲಿಷಿನದೇ ಅಂತಿಮ. ಇನ್ನು ತೀರ್ಪಿನ ತಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸಾರಾಂಶ ಇರುತ್ತದಲ್ಲ, ಹೆಡ್‌ನೋಟ್ ಅನ್ನುತ್ತಾರೆ, ಅದು ನ್ಯಾಯಮೂರ್ತಿಗಳು ಬರೆದದ್ದಲ್ಲ. ದಾರಿ ತೋರಿಸಲು ಸಾಕು, ಅದನ್ನೇ ತೀರ್ಪು ಅಂದುಕೊಳ್ಳಬೇಡಿ.

ಈಗ ಸೀದಾ ಕೊನೆಗೆ ಹೋಗಿ

ತೀರ್ಪಿನ ಕೊನೆಯಲ್ಲಿ ಆದೇಶದ ಭಾಗ ಇರುತ್ತದೆ. 2018ರ ಫೆಬ್ರುವರಿ 16ರ ಕಾವೇರಿ ತೀರ್ಪನ್ನೇ ತೆಗೆದುಕೊಳ್ಳಿ. ನಾಲ್ಕುನೂರು ಪುಟಕ್ಕಿಂತ ಜಾಸ್ತಿ ಇದೆ. ನಮಗೆ ಬೇಕಾದ ಲೆಕ್ಕವೆಲ್ಲ ಕೊನೆಯ ಭಾಗದಲ್ಲಿದೆ: ಕಾವೇರಿ ನೀರು ಹಂಚಲೆಂದೇ ರಚಿಸಿದ್ದ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟಿದ್ದ 270 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) 284.75 ಆಯಿತು, ತಮಿಳುನಾಡಿಗೆ ಬಿಡಬೇಕಾದ 192 ಟಿಎಂಸಿ 177.25ಕ್ಕೆ ಇಳಿಯಿತು. ಹೆಚ್ಚಾದ 14.75 ಎಲ್ಲಿಂದ ಬಂತು? 10 ಟಿಎಂಸಿ ತಮಿಳುನಾಡಿನಲ್ಲಿ ಸಿಗುವ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದಿದ್ದರಿಂದ, 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ ಅಂತ. ಅಂದರೆ ಹೆಚ್ಚು ಸಿಕ್ಕ ನೀರಿನಲ್ಲಿ ಒಂದು ಪಾಲು ನೇರವಾಗಿ ರಾಜಧಾನಿಯ ಲೆಕ್ಕಕ್ಕೆ ಹೋಯಿತು. ‘ನಮಗೆ 14 ಟಿಎಂಸಿ ಜಾಸ್ತಿ ಸಿಕ್ಕಿತು’ ಅಂತ ಫಾರ್ವರ್ಡ್ ಮಾಡುವ ಮೊದಲು ಮಂಡ್ಯದ ರೈತ ಇಷ್ಟಾದರೂ ನೋಡಬೇಕು, ಅಲ್ವಾ?

ಪೀಠದಲ್ಲಿ ಎಷ್ಟು ಜನ?

ಇದನ್ನು ಯಾರೂ ನೋಡುವುದಿಲ್ಲ, ಆದರೆ ಎಲ್ಲದರ ಬಲ ಇದರ ಮೇಲೇ ನಿಂತಿದೆ. ಪೀಠ ಅಂದರೆ ಆ ಕೇಸು ಕೇಳಲು ಕೂತ ನ್ಯಾಯಮೂರ್ತಿಗಳು. ಐವರು ಹೇಳಿದ್ದನ್ನು ಇಬ್ಬರು ತಳ್ಳಿಹಾಕುವಂತಿಲ್ಲ. ಆಧಾರ್‌ನಿಂದ ಖಾಸಗಿತನಕ್ಕೆ ಧಕ್ಕೆ ಅಂತ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ ವಾದ ಮಾಡಿತು. ಅದಕ್ಕೆ ಆಧಾರವಾಗಿ ತೋರಿಸಿದ್ದು 1954ರ ಎಂಟು ನ್ಯಾಯಮೂರ್ತಿಗಳ ತೀರ್ಪು, 1962ರ ಆರು ನ್ಯಾಯಮೂರ್ತಿಗಳ ತೀರ್ಪು. ಎಂಟು ಜನರ ಮಾತನ್ನು ದಾಟಬೇಕೆಂದರೆ ಒಂಬತ್ತು ಜನ ಕೂರಲೇಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಂದೇ ಮಾತು ಹೇಳಿದರು, ಖಾಸಗಿತನ ಮೂಲಭೂತ ಹಕ್ಕು. ಆಧಾರ್ ಕಾಯ್ದೆ ಮಾತ್ರ ಮರುವರ್ಷದ ಇನ್ನೊಂದು ತೀರ್ಪಿನಲ್ಲಿ ಬಹುಪಾಲು ಉಳಿದುಕೊಂಡಿತು.

ಕಥೆ ಓದಿ, ಕಾನೂನು ತಾನಾಗೇ ಬರುತ್ತದೆ

ತೀರ್ಪಿನಲ್ಲಿ ನನಗೆ ತುಂಬಾ ಇಷ್ಟವಾಗುವುದು ಘಟನೆಗಳ ಭಾಗ. ಎಸ್.ಆರ್. ಬೊಮ್ಮಾಯಿ ಪ್ರಕರಣವನ್ನೇ ನೋಡಿ. 1989ರ ಏಪ್ರಿಲ್. ಬೊಮ್ಮಾಯಿ ಮುಖ್ಯಮಂತ್ರಿ. ಒಬ್ಬ ಶಾಸಕರು ಪಕ್ಷ ಬಿಟ್ಟು, ಸರ್ಕಾರಕ್ಕೆ ಬೆಂಬಲ ವಾಪಸ್ ಅನ್ನುವ 19 ಪತ್ರಗಳನ್ನು ತೆಗೆದುಕೊಂಡು ಹೋಗಿ ರಾಜ್ಯಪಾಲರ ಕೈಗೆ ಕೊಟ್ಟರು. ರಾಜ್ಯಪಾಲರು ದೆಹಲಿಗೆ ವರದಿ ಬರೆದರು. ಮರುದಿನ ಆ 19 ಜನರಲ್ಲಿ 7 ಜನ, ನಮ್ಮ ಸಹಿಯನ್ನು ತಪ್ಪು ಮಾಹಿತಿ ಕೊಟ್ಟು ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂತ ಪತ್ರ ಬರೆದರು. ಬೊಮ್ಮಾಯಿಯವರು, ಅಧಿವೇಶನವನ್ನು ಹಿಂದಕ್ಕೆ ತಂದು ಬೇಗನೇ ಕರೆಯುತ್ತೇವೆ, ಸದನದಲ್ಲೇ ಬಹುಮತ ತೋರಿಸುತ್ತೇವೆ ಅಂದರು. ಅವಕಾಶ ಸಿಗಲಿಲ್ಲ. ಏಪ್ರಿಲ್ 21ಕ್ಕೆ ಸಂವಿಧಾನದ 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಬಂದೇಬಿಟ್ಟಿತು. ಹೈಕೋರ್ಟಿಗೆ ಹೋದರು, ಅರ್ಜಿ ವಜಾ ಆಯಿತು.

ಈ ಕಥೆ ಓದಿದರೆ ಪ್ರಶ್ನೆ ತಾನಾಗಿಯೇ ಏಳುತ್ತದೆ. ಬಹುಮತ ಇದೆಯೋ ಇಲ್ಲವೋ ಅಂತ ಎಣಿಸಬೇಕಾದವರು ಯಾರು, ರಾಜಭವನವೋ ವಿಧಾನಸೌಧವೋ? 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟಿತು: ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಕೋರ್ಟ್ ಪರಿಶೀಲಿಸಬಹುದು, ಸಂಸತ್ತು ಒಪ್ಪುವ ಮುಂಚೆ ವಿಧಾನಸಭೆ ವಿಸರ್ಜಿಸುವಂತಿಲ್ಲ. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ ಅಂತಲೂ ಹೇಳಿತು. ಅಷ್ಟರಲ್ಲಿ ಐದು ವರ್ಷ ಹತ್ತಿರ ಬಂದಿತ್ತು. ಚುನಾವಣೆ ನಡೆದು ಬೇರೆ ಸರ್ಕಾರ ಬಂದಾಗಿತ್ತು. ಬೊಮ್ಮಾಯಿಯವರಿಗೆ ಕುರ್ಚಿ ಸಿಗಲಿಲ್ಲ, ನಿಯಮ ಉಳಿಯಿತು. ಅದೇ ನಿಯಮದ ಬಲದಲ್ಲಿ 2018ರ ಮೇನಲ್ಲಿ ಬಿ.ಎಸ್. ಯಡಿಯೂರಪ್ಪನವರಿಗೆ ರಾಜ್ಯಪಾಲರು ಕೊಟ್ಟಿದ್ದ 15 ದಿನಗಳ ಗಡುವನ್ನು ಸುಪ್ರೀಂ ಕೋರ್ಟ್ ಕತ್ತರಿಸಿ, ನಾಳೆಯೇ ಬಹುಮತ ತೋರಿಸಿ ಅಂದದ್ದು. ಅವರು ಮತಕ್ಕೆ ಹಾಕುವ ಮುಂಚೆಯೇ ರಾಜೀನಾಮೆ ಕೊಟ್ಟರು.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಬೊಮ್ಮಾಯಿ ಪ್ರಕರಣ ಅಂದರೆ ಕರ್ನಾಟಕ ಒಂದೇ ಅಲ್ಲ. ಅದೇ ತೀರ್ಪಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ಸರ್ಕಾರಗಳನ್ನು ವಜಾ ಮಾಡಿದ್ದು ಸರಿ ಅಂತಲೂ ಇದೆ. ಆದ್ದರಿಂದ ಯಾರಾದರೂ ‘ಬೊಮ್ಮಾಯಿ ತೀರ್ಪಿನ ಪ್ರಕಾರ’ ಅಂತ ಶುರು ಮಾಡಿದರೆ, ಯಾವ ರಾಜ್ಯದ ಭಾಗ ಅಂತ ಕೇಳಿ.

ಯಾರ ಮಾತು ನಿಯಮ, ಯಾರದು ಅಲ್ಲ

ದೊಡ್ಡ ಪೀಠದಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ಬರೆದಿರುತ್ತಾರೆ. ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಲೆಕ್ಕ ಹಾಕಿಕೊಳ್ಳಿ, ಬೇರೆ ದಾರಿ ಇಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನನ್ನು ಪ್ರಶ್ನಿಸಿ ಹೋದ ಪ್ರಕರಣದಲ್ಲಿ 13 ಜನ ಕೂತಿದ್ದರು. 68 ದಿನ ವಾದ ನಡೆಯಿತು. 1973ರ ಏಪ್ರಿಲ್ 24ರಂದು 7-6ರಲ್ಲಿ ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಮುರಿಯುವಂತಿಲ್ಲ. ಒಬ್ಬರೇ ಒಬ್ಬರು ಆ ಕಡೆ ವಾಲಿದ್ದರೆ ಇವತ್ತು ಈ ನಿಯಮವೇ ಇರುತ್ತಿರಲಿಲ್ಲ.

ಸೋತವರ ಭಿನ್ನ ತೀರ್ಪನ್ನೂ ಬಿಡಬೇಡಿ. 1976ರಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾದವರು ಕೋರ್ಟಿಗೆ ಬರುವಂತೆಯೇ ಇಲ್ಲ ಅಂತ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು, ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. 2017ರ ಪುಟ್ಟಸ್ವಾಮಿ ತೀರ್ಪು ಆ ನಾಲ್ವರ ಮಾತನ್ನು ತಳ್ಳಿಹಾಕಿತು.

ಆಮೇಲೆ ಏನಾಯಿತು ಅಂತ ನೋಡಿ

ತೀರ್ಪಿಗೂ ಔಷಧದ ಹಾಗೆ ಎಕ್ಸ್‌ಪೈರಿ ಇರುತ್ತದೆ, ಆದರೆ ಸೀಸೆಯ ಮೇಲೆ ದಿನಾಂಕ ಬರೆದಿರುವುದಿಲ್ಲ. ಇದಕ್ಕೆ ನಮ್ಮದೇ ಉದಾಹರಣೆ ಇದೆ. 1962ರ ಜುಲೈ 31ರಂದು ಮೈಸೂರು ರಾಜ್ಯ ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಶೇ 68ರಷ್ಟು ಮೀಸಲಾತಿ ಮಾಡಿತು. ಎರಡು ತಿಂಗಳೊಳಗೆ, ಸೆಪ್ಟೆಂಬರ್ 28ಕ್ಕೆ, ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮೀಸಲಾತಿ ಸಾಮಾನ್ಯವಾಗಿ ಶೇ 50ರೊಳಗಿರಬೇಕು ಅಂದಿತು, ಹಿಂದುಳಿದವರು, ಅತಿ ಹಿಂದುಳಿದವರು ಅಂತ ಭಾಗ ಮಾಡಿದ್ದನ್ನೂ ಒಪ್ಪಲಿಲ್ಲ. 1992ರಲ್ಲಿ ಇಂದಿರಾ ಸಾಹ್ನಿ ಪ್ರಕರಣದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಶೇ 50ರ ಮಿತಿಯನ್ನು ಉಳಿಸಿಕೊಂಡಿತು, ಆದರೆ ಆ ವಿಂಗಡಣೆ ಮಾಡಬಹುದು ಅಂದಿತು. 2022ರಲ್ಲಿ ಆರ್ಥಿಕವಾಗಿ ಹಿಂದುಳಿದವರ ಶೇ 10ರ ಮೀಸಲಾತಿಯನ್ನು 3-2ರಲ್ಲಿ ಎತ್ತಿಹಿಡಿದಾಗ ಶೇ 50ರ ಗೆರೆಯೂ ಸಡಿಲವಾಯಿತು. ಈಗ ಬಾಲಾಜಿ ತೀರ್ಪೊಂದನ್ನೇ ಓದಿ ಭಾಷಣ ಮಾಡಿದರೆ ಹೇಗೆ? ಇಂಡಿಯನ್ ಕಾನೂನ್‌ನಲ್ಲಿ ಆ ತೀರ್ಪನ್ನು ಮುಂದೆ ಯಾರ್ಯಾರು ಉಲ್ಲೇಖಿಸಿದ್ದಾರೆ ಅನ್ನುವ ಪಟ್ಟಿ ಸಿಗುತ್ತದೆ. ಅದರಲ್ಲಿ ದೊಡ್ಡ ಪೀಠದವುಗಳನ್ನು ಮೊದಲು ತೆರೆಯಿರಿ.

ಮೊದಲ ಸಲಕ್ಕೆ ಯಾವುದು?

ಕೇಶವಾನಂದ ಭಾರತಿ ಬೇಡ, ತಲೆ ಕೆಡುತ್ತದೆ. 1991ರ ಕಾವೇರಿ ಅಭಿಪ್ರಾಯ ತೆಗೆದುಕೊಳ್ಳಿ, ಐದು ನ್ಯಾಯಮೂರ್ತಿಗಳದು. ಆ ವರ್ಷ ಜೂನ್ 25ಕ್ಕೆ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ಬಿಡಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ಜುಲೈ 25ಕ್ಕೆ ನಮ್ಮ ಸರ್ಕಾರ ಅದನ್ನು ಮೀರಲು ಸುಗ್ರೀವಾಜ್ಞೆ ತಂದಿತು. ರಾಷ್ಟ್ರಪತಿಗಳು ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್ 22ಕ್ಕೆ ಬಂದ ಉತ್ತರ ನಮ್ಮ ಕಡೆ ಯಾರಿಗೂ ಹಿಡಿಸಲಿಲ್ಲ. ಶಾಸಕಾಂಗ ಒಂದು ತೀರ್ಪು ನಿಂತಿರುವ ಕಾನೂನಿನ ತಳಹದಿಯನ್ನು ಬದಲಿಸಬಹುದು, ತೀರ್ಪನ್ನೇ ಪಕ್ಕಕ್ಕೆ ಸರಿಸುವಂತಿಲ್ಲ ಅಂತ ಹೇಳಿ ಕೋರ್ಟ್ ಸುಗ್ರೀವಾಜ್ಞೆಯನ್ನು ಸಂವಿಧಾನ ವಿರೋಧಿ ಅಂದಿತು. ಓದುವಾಗ ಕೋಪ ಬರಬಹುದು, ಬರಲಿ. ಹುಡುಕುವಾಗ ‘ಕಾವೇರಿ ವಾಟರ್ ಡಿಸ್‌ಪ್ಯೂಟ್ಸ್ ಟ್ರಿಬ್ಯೂನಲ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ವರ್ಷ 1991 ಅಂತ ಹಾಕಿ. ಇಲ್ಲದಿದ್ದರೆ ಆಮೇಲಿನ ಕಾವೇರಿ ಆದೇಶಗಳೆಲ್ಲ ಮೇಲೆ ಬಂದು ಕೂರುತ್ತವೆ.