ಹೀಟಿಂಗ್‌ಗೆ ನೀರು ತುಂಬಿಸುವ ಮುಂಚೆ ಪೈಪಿನ ಗಾಳಿ ಹೊರಗೆ ಹಾಕಿ
ರೇಡಿಯೇಟರ್ ಹೀಟಿಂಗ್‌ಗೆ (ಪೈಪುಗಳಲ್ಲಿ ಬಿಸಿ ನೀರು ಹರಿಸಿ ಮನೆ ಬೆಚ್ಚಗಿಡುವ ವ್ಯವಸ್ಥೆ) ಹೋಸ್ ಪೈಪಿನಿಂದ ನೀರು ತುಂಬಿಸುವವರು ಪೈಪನ್ನು ಮೊದಲು ನಲ್ಲಿಗೆ ಮಾತ್ರ ಸಿಕ್ಕಿಸಿ. ಇನ್ನೊಂದು ತುದಿಯನ್ನು ಬಕೆಟ್‌ನಲ್ಲಿಟ್ಟು ಗುಳ್ಳೆ ನಿಲ್ಲುವ ತನಕ ನೀರು ಬಿಡಿ. ಪೈಪ್ ತುಂಬಿರುವಾಗಲೇ ಹೀಟಿಂಗ್‌ಗೆ ನೀರು ಹೋಗುವ ಫಿಲ್ಲಿಂಗ್ ವಾಲ್ವ್‌ಗೆ ಜೋಡಿಸಿ. ಇಲ್ಲದಿದ್ದರೆ ಪೈಪಿನೊಳಗಿನ ಗಾಳಿಯೆಲ್ಲ ರೇಡಿಯೇಟರ್‌ಗೇ ಹೋಗಿ ಕೂರುತ್ತದೆ. ಮೇಲ್ಭಾಗ ತಣ್ಣಗೆ, ರಾತ್ರಿಯೆಲ್ಲ ಗುಳುಗುಳು ಸದ್ದು, ಸಾಲದ್ದಕ್ಕೆ ಒಳಗೆ ತುಕ್ಕು. ಸಿಸ್ಟಮ್ ತಣ್ಣಗಿರುವಾಗ ನಿಧಾನವಾಗಿ ತುಂಬಿಸಿ. ಸಾಮಾನ್ಯ ಮನೆಗೆ 1ರಿಂದ 1.5 ಬಾರ್ ಒತ್ತಡ ಸಾಕು, ಜಾಸ್ತಿ ಬೇಡ. ಆಮೇಲೆ ವಾಲ್ವ್ ಮುಚ್ಚಿ ಹೋಸ್ ಬಿಚ್ಚಿಡಿ. ಹೀಟಿಂಗ್‌ನ ಕೊಳಕು ನೀರು ಕುಡಿಯುವ ನೀರಿನ ಲೈನಿಗೆ ವಾಪಸ್ ಬರಬಾರದು ಅಲ್ವಾ? ವಾರವಾರವೂ ಒತ್ತಡ ಇಳಿಯುತ್ತಿದ್ದರೆ ಈ ಉಪಾಯ ನಡೆಯುವುದಿಲ್ಲ. ಎಲ್ಲೋ ಸೋರುತ್ತಿರಬೇಕು, ಇಲ್ಲವೇ ಎಕ್ಸ್‌ಪಾನ್ಶನ್ ಟ್ಯಾಂಕಿನ (ಕಾದ ನೀರು ಹಿಗ್ಗಿದಾಗ ಜಾಗ ಕೊಡುವ ಟ್ಯಾಂಕು) ಗಾಳಿ ಇಳಿದಿರಬೇಕು. ಆಗ ಸುಮ್ನೆ ನೀರು ತುಂಬಿಸುತ್ತಾ ಕೂರಬೇಡಿ, ಪ್ಲಂಬರ್‌ನ್ನು ಕರೆಸಿ.