ಹಗ್ಗ ಎಳೆಯುವ ಮೊದಲು: ಹಳೆಯ ಚೈನ್‌ಸಾ ರಿಪೇರಿ ಮಾಡುವುದು ಹೇಗೆ

ಹಳೆಯ ಚೈನ್‌ಸಾ ಕೈಗೆ ಬಂದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ, ಟ್ಯಾಂಕಿಗೆ ಪೆಟ್ರೋಲ್ ಸುರಿದು ಹಗ್ಗ ಎಳೆಯುವುದು. ದಯವಿಟ್ಟು ಹಾಗೆ ಮಾಡಬೇಡಿ.

ನನ್ನ ಎರಡನೇ ಮಷೀನು ಹೋಗಿದ್ದು ಹೀಗೇ. ಪ್ಲಗ್ ಒಳ್ಳೆಯ ಕಿಡಿ ಕೊಡುತ್ತಿತ್ತು, ಕಂಪ್ರೆಶನ್ ಇತ್ತು, ನಾಲ್ಕನೇ ಸಲ ಎಳೆದಾಗ ಸ್ಟಾರ್ಟ್ ಆಯಿತು. ಖುಷಿಯಲ್ಲಿ ಒಂದು ದಿಮ್ಮಿ ಕೊಯ್ದೆ. ಎರಡನೆಯದರ ಅರ್ಧಕ್ಕೆ ಬರುವಾಗ ಸದ್ದು ಕೀರಲಾಗುತ್ತಾ ಏರಿತು, ಆಮೇಲೆ ಒಮ್ಮೆಲೇ ನಿಂತಿತು. ಬಿಚ್ಚಿ ನೋಡಿದರೆ ಪಿಸ್ಟನ್ ಮೈ ತುಂಬ ಗೀರು. ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಗಟ್ಟಿಯಾಗಿತ್ತು, ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತಿತ್ತು. ಟೂ ಸ್ಟ್ರೋಕ್ ಎಂಜಿನ್‌ಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ ಅಲ್ವಾ? ಗಾಳಿ ಜಾಸ್ತಿಯಾದರೆ ಪೆಟ್ರೋಲ್ ಸಾಲುವುದಿಲ್ಲ, ಎಣ್ಣೆಯೂ ಸಾಲುವುದಿಲ್ಲ, ಬಿಸಿ ಮಾತ್ರ ಏರುತ್ತಾ ಹೋಗುತ್ತದೆ. ಆ ಪಿಸ್ಟನ್ ಈಗಲೂ ನನ್ನ ಕೆಲಸದ ಮೇಜಿನ ಮೇಲಿದೆ. ಹೊಸ ಮಷೀನು ಬಂದಾಗಲೆಲ್ಲ ಮೊದಲು ಅದನ್ನು ನೋಡುತ್ತೇನೆ.

ಈಗ ನಾನು ಮೊದಲು ಬಿಚ್ಚುವುದು ಸೈಲೆನ್ಸರ್. ಎರಡೋ ಮೂರೋ ಬೋಲ್ಟ್ ಇರುತ್ತವೆ. ಅದು ಹೊರಬಂದರೆ ಹೊಗೆ ಹೋಗುವ ಕಿಂಡಿಯಲ್ಲಿ ಪಿಸ್ಟನ್ ಕಾಣುತ್ತದೆ. ಟಾರ್ಚ್ ಬಿಡಿ, ಪ್ಲಗ್ ತೆಗೆದು ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಪಿಸ್ಟನ್ ಮೈ ನುಣುಪಾಗಿದ್ದರೆ ಒಳ್ಳೆಯ ಸುದ್ದಿ. ಮೇಲಿಂದ ಕೆಳಕ್ಕೆ ಉದ್ದುದ್ದ ಗೀರು ಬಿದ್ದಿದ್ದರೆ ಇದು ಒಮ್ಮೆ ಬಿಸಿಯಾಗಿ ಹಿಡಿದುಕೊಂಡ ಮಷೀನು. ಹರಾಜಿನಲ್ಲಾಗಲಿ ಗುಜರಿಯಲ್ಲಾಗಲಿ, ಕೊಳ್ಳುವ ಮೊದಲೇ ಇದನ್ನು ನೋಡಲು ಬಿಡುತ್ತಾರಾ ಎಂದು ಕೇಳಿ. ಕಂಪ್ರೆಶನ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. 120ರಿಂದ 150 ಪಿಎಸ್‌ಐ ಬಂದರೆ ನೆಮ್ಮದಿ. 100ಕ್ಕಿಂತ ಕೆಳಗಿದ್ದರೆ ರಿಂಗ್ ಕೆಲಸ ಇದೆ ಎಂದುಕೊಳ್ಳಿ.

ಯಾವುದನ್ನು ಕೊಳ್ಳಬೇಕು? ತೀರಾ ಹಳೆಯದರ ಆಸೆ ಎಲ್ಲರಿಗೂ ಇರುತ್ತದೆ. ಜರ್ಮನಿಯಲ್ಲಿ 1926ರಲ್ಲಿ ಆಂಡ್ರಿಯಾಸ್ ಸ್ಟಿಲ್ ಮಾಡಿದ್ದು ಕರೆಂಟಿನ ಗರಗಸ, ಹಿಡಿಯಲು ಇಬ್ಬರು ಬೇಕಿತ್ತು. ಮರುವರ್ಷ ಎಮಿಲ್ ಲೆರ್ಪ್ ಪೆಟ್ರೋಲ್ ಗರಗಸವನ್ನು ಥುರಿಂಗಿಯಾದ ಡೋಲ್ಮಾರ್ ಬೆಟ್ಟದಲ್ಲಿ ಪರೀಕ್ಷೆ ಮಾಡಿದರು. ಡೋಲ್ಮಾರ್ ಕಂಪನಿಗೆ ಹೆಸರು ಬಂದಿದ್ದು ಆ ಬೆಟ್ಟದಿಂದಲೇ. ಇಂಥವನ್ನು ನೋಡಿ ಸಂತೋಷಪಡಬಹುದು, ಕಲಿಯಲು ಅವು ಬೇಡ. ಬಹಳ ಹಳೆಯವುಗಳಲ್ಲಿ ಕಾರ್ಬೊರೇಟರ್ ಫ್ಲೋಟಿನದು, ಅಂದರೆ ತೇಲುವ ಬಿರಡೆಯಿಂದ ಪೆಟ್ರೋಲ್ ಮಟ್ಟ ಕಾಯುವಂಥದು; ಎಂಜಿನ್ ನೆಟ್ಟಗೇ ಇರಬೇಕು, ಅಡ್ಡ ಕೊಯ್ಯಲು ಬಾರ್ (ಚೈನ್ ಓಡುವ ಉದ್ದನೆಯ ಪಟ್ಟಿ) ತಿರುಗಿಸಿಕೊಳ್ಳಬೇಕು. ಬಿರಡೆಯ ಬದಲು ತೆಳು ಪೊರೆ ಇರುವ ಡಯಾಫ್ರಮ್ ಕಾರ್ಬೊರೇಟರ್ ಬಂದ ಮೇಲೇ ಗರಗಸವನ್ನು ಹೇಗೆ ಬೇಕಾದರೂ ಹಿಡಿಯಲು ಆಗಿದ್ದು. ಹಾಗಾಗಿ 1960 ಮತ್ತು 70ರ ದಶಕದ ಮಷೀನಿನಿಂದ ಶುರು ಮಾಡಿ. ಹೋಮ್‌ಲೈಟ್ ಸೂಪರ್ ಎಕ್ಸ್‌ಎಲ್, ಮೆಕ್ಕಲಕ್ 10-10, ಸ್ಟಿಲ್ 041 ಇಂಥವು ತುಂಬ ಮಾರಾಟವಾದವು, ಬಿಡಿಭಾಗಕ್ಕೆಂದೇ ಇನ್ನೊಂದು ಸತ್ತ ಮಷೀನು ಹುಡುಕುವುದು ಸುಲಭ. 1959ರ ಸ್ಟಿಲ್ ಕಾಂಟ್ರಾ ನನ್ನ ಪ್ರೀತಿಯದು. ಗೇರ್ ಇಲ್ಲದೆ ಕ್ಲಚ್ಚಿನಿಂದ ನೇರವಾಗಿ ಚೈನ್ ಓಡಿಸುವ 106 ಸಿಸಿ ಎಂಜಿನ್. ಆದರೆ ಅದರ ಏಟು ಮಣಿಕಟ್ಟಿಗೆ ತಾಗುತ್ತದೆ, ಮೊದಲನೆಯದಾಗಿ ಬೇಡ.

ತೊಳೆಯುವಾಗ ಅವಸರ ಬೇಡ. ಸೀಮೆಎಣ್ಣೆ, ಹಳೆಯ ಟೂತ್‌ಬ್ರಷ್, ಮರದ ಕಡ್ಡಿ ಸಾಕು. ಸ್ಟಿಕರ್ ಇರುವ ಜಾಗಕ್ಕೆ ಪೆಟ್ರೋಲ್ ತಾಗಿಸಬೇಡಿ, ಅಕ್ಷರ ಎದ್ದು ಬರುತ್ತದೆ. ಇಂಥ ಮಷೀನುಗಳ ಮೈ ಹೆಚ್ಚಾಗಿ ಮೆಗ್ನೀಸಿಯಮ್‌ನದು. ಅದಕ್ಕೆ ವಿನೆಗರ್, ಆಸಿಡ್ ಯಾವುದನ್ನೂ ಹಚ್ಚಬಾರದು, ಲೋಹವನ್ನೇ ತಿಂದುಹಾಕುತ್ತದೆ. ಉಜ್ಜಿದಾಗ ಬೀಳುವ ಪುಡಿಗೆ ಬೆಂಕಿ ತಗಲಿದರೆ ನೀರು ಹಾಕಲೇಬಾರದು, ಇನ್ನೂ ಜೋರಾಗುತ್ತದೆ. ಪೇಂಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಮೂಲ ಬಣ್ಣ ಅರ್ಧ ಉಳಿದಿದ್ದರೂ ಅದನ್ನೇ ಬಿಡಿ. ಹಿಡಿಕೆಯ ಹತ್ತಿರ ಬಣ್ಣ ಸವೆದ ಜಾಗದಲ್ಲಿ ಯಾರದೋ ಕೈ ವರ್ಷಗಟ್ಟಲೆ ದುಡಿದಿದೆ. ಹೊಸ ಬಣ್ಣ ಬಳಿದರೆ ಆ ಗುರುತು ಹೋಗುತ್ತದೆ.

ಕಿಡಿ ಬರದಿದ್ದರೆ ಪಾಯಿಂಟ್ ನೋಡಬೇಕು, ಅಂದರೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್ಚು. ಅದು ಫ್ಲೈವೀಲಿನ ಅಡಿಯಲ್ಲಿರುತ್ತದೆ. ಪ್ಲಗ್ ತೂತಿನಿಂದ ಒಂದು ಮೆತ್ತನೆಯ ಹಗ್ಗ ತುರುಕಿ ಪಿಸ್ಟನ್ ತಡೆದರೆ ನಟ್ ಬಿಚ್ಚಲು ಬರುತ್ತದೆ. ಸ್ಕ್ರೂಡ್ರೈವರ್ ತುರುಕಿದರೆ ಪಿಸ್ಟನ್ ತೂತಾಗುತ್ತದೆ. ಕ್ಲಚ್ ಬಿಚ್ಚುವಾಗ ನೆನಪಿಡಿ, ಬಹಳಷ್ಟರಲ್ಲಿ ಅದು ಎಡಥ್ರೆಡ್, ಉಲ್ಟಾ ತಿರುಗಿಸಬೇಕು. ಪಾಯಿಂಟ್‌ಗಳ ಮೇಲೆ ಬೂದು ಪೊರೆ ಕಟ್ಟಿರುತ್ತದೆ. ಸಣ್ಣ ಎಮರಿ ಕಾಗದದಿಂದ ಒಂದೆರಡು ಸಲ ಉಜ್ಜಿ, ಆಮೇಲೆ ಸ್ಪಿರಿಟಿನಲ್ಲಿ ಅದ್ದಿದ ಬಿಳಿ ಕಾಗದ ನಡುವೆ ಎಳೆಯಿರಿ. ಕಾಗದ ಬಿಳಿಯಾಗೇ ಹೊರಬರುವ ತನಕ. ಸಂದು ಸುಮಾರು 0.4 ಮಿ.ಮೀ. ಅಷ್ಟಾದರೂ ಕಿಡಿ ಕೆಂಪಗೆ ಬಡಕಲಾಗಿದ್ದರೆ ಕಂಡೆನ್ಸರ್ ಬದಲಿಸಿ. ಫ್ಲೈವೀಲ್ ಕೂರುವ ಸಣ್ಣ ಕೀಲಿ ಮುರಿದಿದೆಯೇ ಎಂದೂ ನೋಡಿ. ಅದು ಮುರಿದರೆ ಕಿಡಿ ಇದ್ದೂ ಹೊತ್ತು ತಪ್ಪುತ್ತದೆ.

ಕಾರ್ಬೊರೇಟರ್ ಟಿಲೊಟ್ಸನ್ ಕಂಪನಿಯ ಎಚ್‌ಎಲ್ ಮಾದರಿಯದಾಗಿದ್ದರೆ ನಿಮ್ಮ ಅದೃಷ್ಟ. ಅದಕ್ಕೆ ಇವತ್ತಿಗೂ ಕಿಟ್ ಬರುತ್ತದೆ. ಹಳೆಯ ಡಯಾಫ್ರಮ್ ತಗಡಿನ ಹಾಗೆ ಗಟ್ಟಿಯಾಗಿರುತ್ತದೆ, ಹೊಸದು ಬಟ್ಟೆಯ ಹಾಗೆ ಮೆತ್ತಗಿರಬೇಕು. ಬಿಚ್ಚುವಾಗ ಒಂದೊಂದು ಪದರಕ್ಕೂ ಫೋಟೋ ತೆಗೆಯಿರಿ. ಪೆಟ್ರೋಲ್ ಅಳೆದು ಬಿಡುವ ಬದಿಯಲ್ಲಿ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಮ್. ಇದು ಹಿಂದುಮುಂದಾದರೆ ದಿನವಿಡೀ ಹಗ್ಗ ಎಳೆದರೂ ಪ್ರಯೋಜನವಿಲ್ಲ. ಪೆಟ್ರೋಲ್ ತಡೆಯುವ ಸೂಜಿಯನ್ನು ಎತ್ತುವ ಸಣ್ಣ ಲಿವರ್ ಡಯಾಫ್ರಮ್ ಅಡಿಯ ಗುಳಿಯ ನೆಲಕ್ಕೆ ಸಮನಾಗಿರಬೇಕು. ಮೇಲೆದ್ದರೆ ಪೆಟ್ರೋಲ್ ಉಕ್ಕುತ್ತದೆ, ತಗ್ಗಿದರೆ ಸಾಲುವುದಿಲ್ಲ. ಟ್ಯಾಂಕಿನೊಳಗಿನ ರಬ್ಬರ್ ಪೈಪ್ ಮತ್ತು ಫಿಲ್ಟರ್ ಕಣ್ಣು ಮುಚ್ಚಿಕೊಂಡು ಬದಲಿಸಿ.

ಈಗ ಗಾಳಿ ಪರೀಕ್ಷೆ. ನನ್ನ ಎರಡನೇ ಮಷೀನಿಗೆ ನಾನು ಮಾಡದೆ ಬಿಟ್ಟಿದ್ದು ಇದನ್ನೇ. ಸೈಕಲ್ ಟ್ಯೂಬ್ ಕತ್ತರಿಸಿ ಸೈಲೆನ್ಸರ್ ಕೂರುವ ಕಿಂಡಿಗೂ ಕಾರ್ಬೊರೇಟರ್ ಕೂರುವ ಕಿಂಡಿಗೂ ಇಟ್ಟು ಬೋಲ್ಟ್ ಬಿಗಿಯಿರಿ. ಪ್ಲಗ್ ತೂತಿಗೆ ಕೈ ಪಂಪ್ ಜೋಡಿಸಿ, ಪಿಸ್ಟನ್ ಕೆಳಗಿರಲಿ, ಆಗ ಗಾಳಿ ಕ್ರ್ಯಾಂಕಿನ ಗೂಡಿಗೂ ಹೋಗುತ್ತದೆ. 6ರಿಂದ 7 ಪಿಎಸ್‌ಐ ಸಾಕು. ಜಾಸ್ತಿ ಒತ್ತಿದರೆ ಒಳ್ಳೆಯ ಸೀಲೇ ಹೊರಗೆ ಬಂದೀತು. ಸೋಪಿನ ನೀರು ಹಚ್ಚಿ ನೋಡಿ. ಸೀಲಿನ ಸುತ್ತ, ಸಿಲಿಂಡರಿನ ಬುಡದಲ್ಲಿ, ಗೂಡಿನ ಎರಡು ಭಾಗ ಸೇರುವ ಗೆರೆಯಲ್ಲಿ ಗುಳ್ಳೆ ಏಳುತ್ತದೆಯೇ? ಫ್ಲೈವೀಲನ್ನು ಸ್ವಲ್ಪ ಆಚೀಚೆ ಆಡಿಸಿ ಮತ್ತೆ ನೋಡಿ. ಆಮೇಲೆ ಗಾಳಿ ಎಳೆಯುವ ಪಂಪಿನಿಂದಲೂ ಇದೇ ಪರೀಕ್ಷೆ ಮಾಡಿ, ಯಾಕೆಂದರೆ ಕೆಲವು ಸೀಲು ಒಳಗಿಂದ ಒತ್ತಿದಾಗ ಹಿಡಿದು, ಎಳೆದಾಗ ಬಿಡುತ್ತವೆ. ಪಂಪಿನ ಗೇಜಿನ ಮುಳ್ಳು ನಿಂತಲ್ಲೇ ನಿಲ್ಲಬೇಕು. ಇಳಿಯುತ್ತಿದ್ದರೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ, ಸೀಲ್ ಬದಲಿಸಿ. ಹಳೆಯ ಗ್ಯಾಸ್ಕೆಟ್ ಕೆರೆಯುವಾಗ ಎಣ್ಣೆಯಲ್ಲಿ ನೆನೆಸಿಯೇ ಕೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ. ಆ ಕಾಲದ ಗ್ಯಾಸ್ಕೆಟ್‌ಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು.

ಪಿಸ್ಟನ್ ಕೆಟ್ಟಿದ್ದರೂ ಸಿಲಿಂಡರ್ ಬಿಸಾಡಬೇಡಿ. ಕ್ರೋಮ್ ಲೇಪದ ಸಿಲಿಂಡರಿನಲ್ಲಿ ಕಾಣುವ ಗೀರು ಎಷ್ಟೋ ಸಲ ಗೀರೇ ಅಲ್ಲ, ಕರಗಿ ಅಂಟಿದ ಪಿಸ್ಟನ್ನಿನ ಅಲ್ಯುಮಿನಿಯಮ್. ಹತ್ತಿಕಡ್ಡಿಯಲ್ಲಿ ಕಾಸ್ಟಿಕ್ ಸೋಡಾ ದ್ರಾವಣ ತೆಗೆದುಕೊಂಡು ಅಂಟಿದ ಜಾಗಕ್ಕೆ ಮಾತ್ರ ಮುಟ್ಟಿಸಿ. ನೊರೆ ಬಂದು ನಿಂತ ಮೇಲೆ ನೀರಿನಿಂದ ತೊಳೆಯಿರಿ, ಒಣಗಿಸಿ ಎಣ್ಣೆ ಹಚ್ಚಿ. ಬಯಲಿನಲ್ಲಿ, ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡೇ ಮಾಡಿ. ಕಿಂಡಿಗಳ ಅಂಚಿಗೆ ದ್ರಾವಣ ಹರಿದರೆ ಬರಿ ಅಲ್ಯುಮಿನಿಯಮ್ಮನ್ನೂ ತಿನ್ನುತ್ತದೆ.

ಟ್ಯಾಂಕಿನ ಮೇಲೆ 16:1 ಎಂದು ಬರೆದಿದ್ದರೆ ಗಾಬರಿ ಬೇಡ, ಅದು ಆ ಕಾಲದ ಎಣ್ಣೆಯ ಲೆಕ್ಕ. ಈಗಿನ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆಯಲ್ಲಿ ನಾನು 32:1 ಬೆರೆಸುತ್ತೇನೆ, ಅಂದರೆ ಲೀಟರಿಗೆ 31 ಮಿ.ಲೀ. ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಅದನ್ನೇ ಹಾಕಿ, ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹೊಂದಿಸುವ ಎರಡೂ ಸ್ಕ್ರೂಗಳನ್ನು (ಒಂದು ನಿಧಾನಕ್ಕೆ, ಒಂದು ಪೂರ್ತಿ ವೇಗಕ್ಕೆ) ಪೂರ್ತಿ ಮುಚ್ಚಿ ಒಂದೊಂದು ಸುತ್ತು ಬಿಚ್ಚಿ ಶುರು ಮಾಡಿ. ಎಂಜಿನ್ ಬಿಸಿಯಾದ ಮೇಲೆ ಮರಕ್ಕೆ ತಾಗಿಸದೆ ಪೂರ್ತಿ ವೇಗ ಕೊಟ್ಟಾಗ ಸದ್ದು ಸ್ವಲ್ಪ ಗೊರಗೊರ ಅನ್ನಬೇಕು, ಮರ ಕಚ್ಚಿದ ಕೂಡಲೇ ನಯವಾಗಬೇಕು. ಖಾಲಿ ಓಡುವಾಗಲೇ ನಯವಾಗಿ ಕೀರಲಾಗಿ ಕೇಳಿದರೆ ತಕ್ಷಣ ವೇಗ ಬಿಡಿ, ಪೂರ್ತಿ ವೇಗದ ಸ್ಕ್ರೂ ಇನ್ನಷ್ಟು ಬಿಚ್ಚಿ.

ಚೈನ್ ಕೊಳ್ಳುವ ಮೊದಲು ಅಳೆಯಿರಿ. ಸಾಲಾಗಿ ಮೂರು ರಿವೆಟ್ ಹಿಡಿದು, ಮೊದಲನೆಯದರಿಂದ ಮೂರನೆಯದಕ್ಕೆ ಇರುವ ದೂರದ ಅರ್ಧವೇ ಪಿಚ್. 3/8 ಮತ್ತು 0.404 ಇಂಚು ಸಿಗುತ್ತವೆ, 1/2 ಇಂಚಿನದು ಸಿಗುವುದು ಕಷ್ಟ. ಆಗ ಸ್ಪ್ರಾಕೆಟ್, ಬಾರ್ ಎರಡನ್ನೂ ಬದಲಿಸಬೇಕಾಗುತ್ತದೆ. ಚೈನಿಗೆ ಎಣ್ಣೆ ಬಿಡಲು ಹೆಬ್ಬೆರಳಿನ ಗುಂಡಿ ಇದ್ದರೆ ಕೊಯ್ಯುವಾಗ ಆಗಾಗ ಒತ್ತಲು ಮರೆಯಬೇಡಿ.

ಇವುಗಳಲ್ಲಿ ಹೆಚ್ಚಿನವಕ್ಕೆ ಚೈನ್ ಬ್ರೇಕ್ ಇಲ್ಲ. ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಮುಖಕ್ಕೇ ಹಾರುತ್ತದೆ, ತಡೆಯಲು ಏನೂ ಇರುವುದಿಲ್ಲ. ನಾನು ಇವುಗಳಲ್ಲಿ ನೆಲದ ಮೇಲಿನ ದಿಮ್ಮಿ ಮಾತ್ರ ಕೊಯ್ಯುತ್ತೇನೆ, ನಿಂತ ಮರ ಮುಟ್ಟುವುದಿಲ್ಲ. ಹೆಲ್ಮೆಟ್, ಕಿವಿಮುಚ್ಚಳ, ಕೊಯ್ತ ತಡೆಯುವ ಪ್ಯಾಂಟ್ ಇಲ್ಲದೆ ಹಗ್ಗಕ್ಕೆ ಕೈ ಹಾಕುವುದಿಲ್ಲ. ಹತ್ತು ನಿಮಿಷ ಓಡಿಸಿ ಕೈಗೆ ವಿಶ್ರಾಂತಿ ಕೊಡುತ್ತೇನೆ, ಈ ಅದುರುವಿಕೆ ಬೆರಳಿನ ರಕ್ತ ಓಡಾಟ ಕೆಡಿಸುತ್ತದೆ.

ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲ್ ತೀರಿ ತಾನಾಗಿ ನಿಲ್ಲುವ ತನಕ ನಿಧಾನಕ್ಕೆ ಓಡಲು ಬಿಡಿ. ಆರಿದ ಮೇಲೆ ಪ್ಲಗ್ ತೂತಿಗೆ ಒಂದು ಚಮಚ ಎಣ್ಣೆ ಬಿಟ್ಟು, ಹಗ್ಗವನ್ನು ಎರಡು ಸಲ ಮೆಲ್ಲಗೆ ಎಳೆದು ಪ್ಲಗ್ ಹಾಕಿ. ಆಮೇಲೆ ಹಿಡಿಕೆಗೆ ಒಂದು ಚೀಟಿ ಕಟ್ಟಿ: ಯಾವ ಸೀಲ್ ಹಾಕಿದಿರಿ, ಪಾಯಿಂಟ್ ಸಂದು ಎಷ್ಟು, ಸ್ಕ್ರೂ ಎಷ್ಟು ಸುತ್ತು, ಯಾವ ತಾರೀಕು.